ಚದುರಂಗದ ‘ಭಾರತೀಯ’ ಪ್ರಾರಂಭಕ್ರಮ

ಕಡ್ಡಿರಾಂಪುರದಿಂದ ಹಂಪೆಯವರೆಗೆ ಹಬ್ಬಿರುವ ಪ್ರಾಚೀನ ನಗರಪ್ರದೇಶದಲ್ಲಿ, ಬಂಡೆಗಳ ಮೇಲೂ ಮಂಟಪಗಳ ನೆಲಗಟ್ಟಿನಲ್ಲಿಯೂ ಕೊರೆದ ಆಟದ ಮನೆಗಳು ಹಲವು ಉಳಿದಿವೆ. ಇವನ್ನೆಲ್ಲ ಚದುರಂಗದ ಹಾಸುಗಳೆಂದೆಣಿಸುವುದು ಯುಕ್ತವಲ್ಲ. ಹುಲಿ-ಕುರಿ, ಅಳಿಗುಳಿ ಮೊದಲಾದ ಆಟಗಳ ಗುರುತುಗಳೂ ಇವುಗಳಲ್ಲಿವೆ. ವಿಜಯನಗರದ ಚದುರಂಗವನ್ನು ಶಿಲೆಗಿಂತಲೂ ವಾಙ್ಮಯದಲ್ಲಿ ಅರಸುವುದು ಲೇಸು. ಕೃಷ್ಣದೇವರಾಯನು (1509–1529) ಬೊಡ್ಡುಚರ್ಲ ತಿಮ್ಮಣ್ಣನ ಚದುರಂಗಚಾತುರ್ಯಕ್ಕೆ ಮೆಚ್ಚಿ ಕೊಪ್ಪೋಲು ಗ್ರಾಮವನ್ನಿತ್ತನೆಂದು ತೆಲುಗರ ಐತಿಹ್ಯ. ಆದರೆ ಐತಿಹ್ಯವು ಗೆಲವನ್ನು ಹೇಳುತ್ತದೆ, ನಡೆಗಳನ್ನು ಹೇಳುವುದಿಲ್ಲ.

ನಡೆಗಳ ವಿಚಾರವು ಮುಖ್ಯವಾದುದೇಕೆಂದರೆ, ಇಂದಿನ ಪಂದ್ಯಗಳಲ್ಲಿ ಪ್ರಸಿದ್ಧವಾದ ಕೆಲವು ಪ್ರಾರಂಭಗಳಿಗೆ ‘ಇಂಡಿಯನ್’ ಎಂಬ ಹೆಸರೇ ನಿಂತಿದೆ. ನಮ್ಮ ಹಳೆಯ ಪದ್ಧತಿಯಲ್ಲಿ ಕಾಲಾಳು ಮೊದಲ ಸಲವೂ ಒಂದೇ ಮನೆ ನಡೆಯುತ್ತದೆ. ಐರೋಪ್ಯರಲ್ಲಿ ಎರಡು ಮನೆ ನಡೆಯಬಹುದು. ಈ ಭೇದವನ್ನು ನಮ್ಮ ಪಂಡಿತರು ಬಲ್ಲವರೇ ಆಗಿದ್ದರು. ತ್ರಿವೇಂಗಡಾಚಾರ್ಯ ಶಾಸ್ತ್ರಿಗಳ ಸಂಸ್ಕೃತ ಚದುರಂಗಗ್ರಂಥವು 1814ರಲ್ಲಿ ಮುಂಬಯಿಯಲ್ಲಿ ಐರೋಪ್ಯ ಕ್ರಮಕ್ಕೆ ಹೊಂದಿಸಲ್ಪಟ್ಟು ಇಂಗ್ಲಿಷಿನಲ್ಲಿ ಅಚ್ಚಾಯಿತು. ನಿಧಾನವಾಗಿ ನಡೆಯುವ ಕಾಲಾಳಿನ ಅಭ್ಯಾಸವೇ ‘ಇಂಡಿಯನ್’ ಪ್ರಾರಂಭಗಳ ಮೂಲವೆಂದು ಹಲವರು ಹೇಳುವುದುಂಟು.

ಇದನ್ನು ಪರೀಕ್ಷಿಸಲು 1855ರಲ್ಲಿ ಕಲ್ಕತ್ತೆಯಲ್ಲಿ ಜಾನ್ ಕಾಕ್ರೇನನಿಗೂ ಮಹೇಶಚಂದ್ರ ಬಂದ್ಯೋಪಾಧ್ಯಾಯನಿಗೂ ನಡೆದ ಒಂದು ಆಟವು ಸಾಕು. ಬಿಳಿಯ ಬಲದ ಕಾಕ್ರೇನನು ಮಂತ್ರಿಯ ಮುಂದಣ ಕಾಲಾಳನ್ನು ಎರಡು ಮನೆ ನಡೆಸಿದನು. ಮಹೇಶಚಂದ್ರನು ರಾಜನ ಕಡೆಯ ಕುದುರೆಯನ್ನು ಹೊರಡಿಸಿದನು. ಎರಡನೆಯ ನಡೆಯಲ್ಲಿ ಆ ಕುದುರೆಯ ಪಕ್ಕದ ಕಾಲಾಳನ್ನು ಒಂದೇ ಮನೆ ಸರಿಸಿ, ಮುಂದೆ ಒಂಟೆಯನ್ನು ಅದರ ಹಿಂದೆ ನಿಲ್ಲಿಸಿದನು. ಇದು ಹಳೆಯ ಅಭ್ಯಾಸದಂತೆಯೇ ತೋರುವುದು. ಆದರೆ ಮೂರನೆಯ ನಡೆಯಲ್ಲಿ ಅವನು ಮಂತ್ರಿಯ ಕಾಲಾಳನ್ನು ಎರಡು ಮನೆ ನಡೆಸಿ ಕೇಂದ್ರವನ್ನು ಕೆಣಕಿದನು. ಐದನೆಯದರಲ್ಲಿ ರಾಜನನ್ನು ಕೋಟೆಗಟ್ಟಿದನು. ಎರಡೂ ನಮ್ಮ ಹಳೆಯ ಕ್ರಮದಲ್ಲಿಲ್ಲದ ನಡೆಗಳು. ಆದುದರಿಂದ ಆತನು ಅಭ್ಯಾಸಬಲದಿಂದ ಹಳೆಯದನ್ನೇ ಆಡಿದನೆಂಬುದು ಅರ್ಧಸತ್ಯ. ಪರಕೀಯ ನಿಯಮವನ್ನು ಚೆನ್ನಾಗಿ ಅರಿತು, ಅದರೊಳಗೆ ತನ್ನ ವ್ಯೂಹವನ್ನು ರಚಿಸಿದನೆನ್ನುವುದೇ ನ್ಯಾಯ. ಆಟವನ್ನು ಗೆದ್ದವನು ಕಾಕ್ರೇನನೇ, ಕುದುರೆಯಿಂದ ರಾಜನನ್ನು ಕಟ್ಟಿ. ಸೋತ ಆಟವೆಂದು ಪ್ರಾರಂಭವನ್ನು ಹಳಿಯಬೇಕಾಗಿಲ್ಲ.

1922ರಲ್ಲಿ ವಿಯೆನ್ನಾದ ಎರ್ನ್ಸ್ಟ್ ಗ್ರೂನ್‌ಫೆಲ್ಡನು ಇದೇ ಮೊದಲ ಮೂರು ಕರಿನಡೆಗಳಿಂದ ಅಲೆಖೈನನನ್ನು ಸೋಲಿಸಿದನು. ಪ್ರಾರಂಭಕ್ಕೆ ಅವನ ಹೆಸರೇ ಬಿತ್ತು.