ಸ್ಟ್ಯಾಗ್ ಎಂಬ ಪಿ.ಡಿ. ಸಾಹೇಬ

ವಿಸಿಲ್ ಊದುವವನಿಗೆ ಪ್ರೊಫೆಸರ್ ದರ್ಜೆ ಯಾಕೆ? ಪಿ.ಡಿ., ಅಂದರೆ ಫಿಸಿಕಲ್ ಡೈರೆಕ್ಟರ್ ಆಗಿ ನೌಕರಿ ಮಾಡಿದ ನನಗೆ ಸ್ಟಾಫ್ ರೂಮಿನಲ್ಲಿ ಈ ಪ್ರಶ್ನೆ ಕೇಳಿ ಕೇಳಿ ಸಾಕಾಗಿದೆ. ಷಿಕಾಗೊ ವಿಶ್ವವಿದ್ಯಾಲಯದ ಮೊದಲ ಅಧ್ಯಕ್ಷ ವಿಲಿಯಂ ರೇನಿ ಹಾರ್ಪರ್ ಇದಕ್ಕೆ 1892ರಲ್ಲೇ ಉತ್ತರ ಕೊಟ್ಟಿದ್ದ. ಇನ್ನೂ ಬಾಗಿಲು ತೆರೆಯುತ್ತಿದ್ದ ಸಂಸ್ಥೆಗೆ ಅಮೋಸ್ ಅಲೊಂಝೊ ಸ್ಟ್ಯಾಗ್‌ನನ್ನು ಕ್ರೀಡಾ ವಿಭಾಗದ ನಿರ್ದೇಶಕನನ್ನಾಗಿ ಕರೆಸಿಕೊಂಡ. ಅಧ್ಯಾಪಕರ ಸಾಲಿನಲ್ಲೇ ಕುರ್ಚಿ, ಅದೂ ಕಾಯಂ.

ಸ್ಟ್ಯಾಗ್ ಪಾದ್ರಿಯಾಗಲು ಹೊರಟವನು. ಯೇಲ್‌ನಲ್ಲಿ ಧರ್ಮಶಾಸ್ತ್ರ ಓದುತ್ತಲೇ ಬೇಸ್‌ಬಾಲ್ ಪಿಚರ್ ಆಗಿ ಹೆಸರು ಮಾಡಿದ, 1889ರಲ್ಲಿ ಅಮೆರಿಕನ್ ಫುಟ್‌ಬಾಲ್‌ನ ಮೊದಲ ಆಲ್-ಅಮೆರಿಕ ತಂಡಕ್ಕೂ ಆಯ್ಕೆಯಾದ. ಅಲ್ಲಿ ಹೀಬ್ರೂ ಪಾಠ ಹೇಳಿದ ಮೇಷ್ಟ್ರು ಇದೇ ಹಾರ್ಪರ್. ಆದರೆ ಸ್ಟ್ಯಾಗ್ ಉಪದೇಶಕ್ಕೆ ನಿಂತರೆ ಮಾತೇ ಹೊರಡುತ್ತಿರಲಿಲ್ಲ. ಪಾದ್ರಿಗಿರಿಯ ಆಸೆ ಬಿಟ್ಟು ಸ್ಪ್ರಿಂಗ್‌ಫೀಲ್ಡ್‌ನ ವೈ.ಎಂ.ಸಿ.ಎ. ತರಬೇತಿ ಶಾಲೆ ಸೇರಿದ. ಅವನು ಅಲ್ಲಿದ್ದಾಗಲೇ ಜೇಮ್ಸ್ ನೈಸ್ಮಿತ್ ಬಾಸ್ಕೆಟ್‌ಬಾಲ್ ಹುಟ್ಟುಹಾಕಿದ. 1892ರ ಮಾರ್ಚ್ 11ರಂದು ಜನರೆದುರು ನಡೆದ ಮೊದಲ ಪಂದ್ಯದಲ್ಲಿ ಹುಡುಗರು ಮೇಷ್ಟ್ರುಗಳನ್ನು 5-1ರಿಂದ ಸೋಲಿಸಿದರು. ಮೇಷ್ಟ್ರುಗಳ ಆ ಒಂದೇ ಒಂದು ಬಾಸ್ಕೆಟ್ ಹಾಕಿದವನು ಸ್ಟ್ಯಾಗ್. ಇದೇ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಕಲಿತ ಹ್ಯಾರಿ ಕ್ರೋ ಬಕ್ 1920ರಲ್ಲಿ ಮದರಾಸಿನಲ್ಲಿ ದೈಹಿಕ ಶಿಕ್ಷಣದ ಕಾಲೇಜು ತೆರೆದರು. ನಮ್ಮ ಕಡೆಯ ಹಳೆಯ ಪಿ.ಟಿ. ಮೇಷ್ಟ್ರುಗಳಲ್ಲಿ ಅಲ್ಲಿ ಕಲಿತು ಬಂದವರಿದ್ದರು. ಆ ಲೆಕ್ಕದಲ್ಲಿ ಸ್ಟ್ಯಾಗ್ ನಮಗೆ ದೂರದ ದೊಡ್ಡಪ್ಪ.

ಷಿಕಾಗೊದಲ್ಲಿ ಮೊದಲ ವರ್ಷ ಫುಟ್‌ಬಾಲ್ ಆಡುವವರೇ ಸಾಲದೆ ಕೋಚ್ ತಾನೂ ಅಂಗಳಕ್ಕಿಳಿದ. ಚೆಂಡು ಹಿಡಿದು ಓಡುವವನನ್ನು ಕೆಡವುವುದನ್ನು ಕಲಿಸಲು ಹಾಸಿಗೆ ಸುತ್ತಿ ಬೊಂಬೆ ಮಾಡಿದ್ದು ಯೇಲ್ ಕಾಲದ ಅವನದೇ ಉಪಾಯ. ಕುಡಿತವಿಲ್ಲ, ಹೊಗೆಯಿಲ್ಲ, ಹೊಲಸು ಬೈಗುಳವೂ ಇಲ್ಲ. ಸಿಟ್ಟು ಬಂದರೆ ಹುಡುಗನನ್ನು ‘ಕತ್ತೆ’ ಎನ್ನುತ್ತಿದ್ದ. ತಪ್ಪು ದೊಡ್ಡದಾದರೆ ‘ಡಬಲ್ ಕತ್ತೆ’, ಅದಕ್ಕೂ ಮೀರಿದರೆ ‘ತ್ರಿಬಲ್ ಕತ್ತೆ’. ನಮ್ಮಲ್ಲಿ ಕೆಲವರ ಬಾಯಿ ಕೇಳಿದವರಿಗೆ ಇದು ಆಶೀರ್ವಾದದ ಹಾಗೆ ಕಂಡೀತು.

ಇಷ್ಟು ಹೊಗಳಿದ ಮೇಲೆ ಒಂದು ತಕರಾರು. ಪಂದ್ಯ ದೊಡ್ಡದಾದಂತೆ ಟಿಕೆಟ್ ದುಡ್ಡೂ ಹರಿದು ಬಂತು. ಅಧ್ಯಾಪಕರ ಸಮಾನ ದರ್ಜೆ ಪಡೆದವನು ಖರ್ಚುವೆಚ್ಚದಲ್ಲಿ ಮಾತ್ರ ಅಧ್ಯಾಪಕರ ಹಿಡಿತಕ್ಕೆ ಸಿಗದೆ, ಅಧ್ಯಕ್ಷರ ಜೊತೆ ನೇರ ವ್ಯವಹಾರ ಇಟ್ಟುಕೊಂಡ. ಕುರ್ಚಿ ಬೇಕು ಅನ್ನುವವನು ಲೆಕ್ಕವನ್ನೂ ಒಪ್ಪಿಸಬೇಕು. ಅಮೆರಿಕದ ಕಾಲೇಜು ಕ್ರೀಡೆ ಇವತ್ತು ದೊಡ್ಡ ದಂಧೆಯಾಗಿರುವುದರ ಬೇರಿನಲ್ಲಿ ಈ ಸಡಿಲಿಕೆಯೂ ಇದೆ ಎಂಬುದು ನನ್ನ ಎಣಿಕೆ.

ಎಪ್ಪತ್ತು ತುಂಬಿದಾಗ, 41 ಸೀಸನ್‌ಗಳ ನಂತರ, ಷಿಕಾಗೊ ನಿವೃತ್ತಿ ಕೊಟ್ಟಿತು. 1939ರಲ್ಲಿ ಅಧ್ಯಕ್ಷ ಹಚಿನ್ಸ್ ಫುಟ್‌ಬಾಲ್ ತಂಡವನ್ನೇ ಮುಚ್ಚಿಸಿದ. ಅವನದೇ ಹೆಸರಿನ, ಈಗ ಖಾಲಿ ಬಿದ್ದ ಸ್ಟ್ಯಾಗ್ ಫೀಲ್ಡ್ ಮೈದಾನದ ಗ್ಯಾಲರಿ ಕೆಳಗೆ 1942ರ ಡಿಸೆಂಬರ್ 2ರಂದು ವಿಜ್ಞಾನಿ ಎನ್ರಿಕೊ ಫರ್ಮಿ ತಂಡ ಮೊದಲ ಪರಮಾಣು ಸರಪಳಿ ಕ್ರಿಯೆ ನಡೆಸಿತು.

ಮುದುಕ ಸ್ಟ್ಯಾಗ್ ಅಷ್ಟರಲ್ಲಿ ಕ್ಯಾಲಿಫೋರ್ನಿಯಾದ ಕಾಲೇಜ್ ಆಫ್ ದಿ ಪೆಸಿಫಿಕ್‌ನಲ್ಲಿ ವಿಸಿಲ್ ಊದುತ್ತಿದ್ದ. 81ನೇ ವಯಸ್ಸಿನಲ್ಲಿ, 1943ಕ್ಕೆ, ವರ್ಷದ ಕೋಚ್ ಪ್ರಶಸ್ತಿ ಬಂತು. ಅಲ್ಲಿಂದಲೂ ಬಿಟ್ಟ ಮೇಲೆ ಪೆನ್ಸಿಲ್ವೇನಿಯಾದ ಸಸ್ಕ್ವೆಹಾನ ವಿಶ್ವವಿದ್ಯಾಲಯಕ್ಕೆ ಹೋಗಿ, ಮಗನ ಜೊತೆ ಮತ್ತೆ ಕೋಚಿಂಗ್‌ಗೆ ನಿಂತ.