ಹಳೆಯ ಗೃಹ ಗಣಕಯಂತ್ರದ ವೇಗ ಹೆಚ್ಚಿಸುವಿಕೆ: ಆನ್‌ಲೈನ್ ಅರ್ಜಿದಾರರಿಗೆ ಮಾಹಿತಿ

ಯಾದಗಿರಿ, ಶಹಾಪುರ ಮತ್ತು ಸುರಪುರ ತಾಲ್ಲೂಕುಗಳ ಸಾರ್ವಜನಿಕರು ಜಾತಿ ಮತ್ತು ಆದಾಯ ಪ್ರಮಾಣ ಪತ್ರ, ವಿದ್ಯಾರ್ಥಿವೇತನ ಮುಂತಾದ ಸೇವೆಗಳಿಗೆ ಮನೆಯಿಂದಲೇ ಅರ್ಜಿ ಸಲ್ಲಿಸಬಹುದಾಗಿದೆ. ಗಣಕಯಂತ್ರವು ನಿಧಾನವಾಗಿದ್ದಲ್ಲಿ ಒ.ಟಿ.ಪಿ. ಅವಧಿ ಮುಗಿದು, ಭರ್ತಿ ಮಾಡಿದ ವಿವರಗಳು ಅಳಿಸಿಹೋಗಬಹುದು. ಕೊನೆಯ ದಿನವಾಗಿದ್ದಲ್ಲಿ ಸೌಲಭ್ಯವೇ ಕೈತಪ್ಪಬಹುದು. ಹೊಸ ಯಂತ್ರ ಖರೀದಿಸುವ ಮುನ್ನ ಈ ಕೆಳಗಿನ ಕ್ರಮಗಳನ್ನು ಅನುಕ್ರಮವಾಗಿ ಕೈಗೊಳ್ಳುವುದು ಸೂಕ್ತ.

1. ಕಾರಣ ಗುರುತಿಸುವುದು
ಜಾಲತಾಣಗಳು ಮಾತ್ರ ನಿಧಾನವಾಗಿ ತೆರೆದುಕೊಂಡು ಉಳಿದ ಕೆಲಸಗಳು ಸುಗಮವಾಗಿದ್ದಲ್ಲಿ ದೋಷವು ಸಾಮಾನ್ಯವಾಗಿ ಅಂತರಜಾಲ ಸಂಪರ್ಕದ್ದಾಗಿರುತ್ತದೆ. ಎಲ್ಲವೂ ನಿಧಾನವಾಗಿದ್ದಲ್ಲಿ ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್ ತೆರೆದು ನೋಡತಕ್ಕದ್ದು. ಮೆಮೊರಿ ಸದಾ ತುಂಬಿದ್ದರೆ ರ‍್ಯಾಮ್ ಸಾಲದು. ಡಿಸ್ಕ್ ಬಳಕೆ ಸತತವಾಗಿ 100%ರ ಸಮೀಪವಿದ್ದರೆ ಹಾರ್ಡ್ ಡಿಸ್ಕ್ ಅಡಚಣೆಯಾಗಿದೆ ಎಂದು ತಿಳಿಯಬಹುದು.

2. ವೆಚ್ಚವಿಲ್ಲದ ಕ್ರಮಗಳು
ಅ) ಪ್ರಮಾಣ ಪತ್ರ, ಅಂಕಪಟ್ಟಿ, ಛಾಯಾಚಿತ್ರಗಳ ಪ್ರತಿಯನ್ನು ಪೆನ್ ಡ್ರೈವ್‌ನಲ್ಲಿ ಮೊದಲು ಉಳಿಸಿಕೊಳ್ಳುವುದು.
ಆ) ಬಳಸದ ತಂತ್ರಾಂಶಗಳನ್ನು ಹಾಗೂ ಯಂತ್ರದೊಂದಿಗೆ ತಾನಾಗಿ ಆರಂಭವಾಗುವ ಅನಗತ್ಯ ತಂತ್ರಾಂಶಗಳನ್ನು ತೆಗೆಯುವುದು.
ಇ) ಡಿಸ್ಕ್‌ನಲ್ಲಿ ಸಾಕಷ್ಟು ಸ್ಥಳ ಖಾಲಿ ಇರಿಸುವುದು.
ಈ) ವೈರಸ್ ತಪಾಸಣೆ ನಡೆಸುವುದು.

3. ಧೂಳು ಮತ್ತು ಶಾಖ
ಈ ಭಾಗದ ಬೇಸಿಗೆಯಲ್ಲಿ ತಾಪಮಾನವು 40 ಡಿಗ್ರಿ ಸೆಲ್ಸಿಯಸ್ ಮೀರುತ್ತದೆ. ಫ್ಯಾನ್‌ನಲ್ಲಿ ಧೂಳು ಕಟ್ಟಿಕೊಂಡರೆ ಪ್ರೊಸೆಸರ್ ಕಾದು, ತನ್ನ ರಕ್ಷಣೆಗಾಗಿ ತಾನೇ ವೇಗ ತಗ್ಗಿಸಿಕೊಳ್ಳುತ್ತದೆ. ವಿದ್ಯುತ್ ಸಂಪರ್ಕ ತೆಗೆದ ನಂತರ ಒಣ ಬ್ರಷ್‌ನಿಂದ ಸ್ವಚ್ಛಗೊಳಿಸತಕ್ಕದ್ದು. ಒದ್ದೆ ಬಟ್ಟೆ ಬಳಸಬಾರದು.

4. ದಿನಾಂಕ ಮತ್ತು ಸಮಯ
ಯಂತ್ರ ಆರಂಭಿಸಿದಾಗಲೆಲ್ಲ ದಿನಾಂಕ ತಪ್ಪು ತೋರಿಸಿದಲ್ಲಿ ಸುರಕ್ಷಿತ ಜಾಲತಾಣಗಳು ತೆರೆಯದೇ ಇರಬಹುದು. ಮದರ್‌ಬೋರ್ಡ್‌ನಲ್ಲಿರುವ ನಾಣ್ಯದಾಕಾರದ ಚಿಕ್ಕ ಬ್ಯಾಟರಿಯನ್ನು ಬದಲಿಸಿದರೆ ಈ ತೊಂದರೆ ಸಾಮಾನ್ಯವಾಗಿ ನಿವಾರಣೆಯಾಗುತ್ತದೆ.

5. ಬಿಡಿಭಾಗಗಳ ಬದಲಾವಣೆ
ಹಾರ್ಡ್ ಡಿಸ್ಕ್ ಬದಲು ಎಸ್.ಎಸ್.ಡಿ. ಅಳವಡಿಸುವುದರಿಂದ ಹಳೆಯ ಯಂತ್ರದಲ್ಲಿ ಅತಿ ಹೆಚ್ಚಿನ ವ್ಯತ್ಯಾಸ ಕಂಡುಬರುತ್ತದೆ. ರ‍್ಯಾಮ್ ಅನ್ನು ಸಾಧ್ಯವಿದ್ದಲ್ಲಿ 8 ಜಿ.ಬಿ.ಗೆ ಹೆಚ್ಚಿಸಬಹುದು. ಡಿ.ಡಿ.ಆರ್.2, ಡಿ.ಡಿ.ಆರ್.3 ಮತ್ತು ಡಿ.ಡಿ.ಆರ್.4 ರ‍್ಯಾಮ್‌ಗಳು ಒಂದರ ಬದಲು ಇನ್ನೊಂದು ಹೊಂದುವುದಿಲ್ಲವಾದ್ದರಿಂದ ವಿಧವನ್ನು ಖಚಿತಪಡಿಸಿಕೊಂಡು ಖರೀದಿಸತಕ್ಕದ್ದು. 32 ಬಿಟ್ ವಿಂಡೋಸ್‌ನ ಗೃಹ ಆವೃತ್ತಿಗಳು 4 ಜಿ.ಬಿ.ಗಿಂತ ಹೆಚ್ಚಿನ ರ‍್ಯಾಮ್ ಬಳಸುವುದಿಲ್ಲ.

6. ಕಾರ್ಯಾಚರಣೆ ತಂತ್ರಾಂಶ
ವಿಂಡೋಸ್ 7ಕ್ಕೆ 14-01-2020ರಂದು ಹಾಗೂ ವಿಂಡೋಸ್ 10ಕ್ಕೆ 14-10-2025ರಂದು ಸಾಮಾನ್ಯ ಬೆಂಬಲ ಕೊನೆಗೊಂಡಿದೆ. ವಿಂಡೋಸ್ 11ಕ್ಕೆ ಟಿ.ಪಿ.ಎಂ. 2.0 ಅವಶ್ಯವಿರುವುದರಿಂದ ಅನೇಕ ಹಳೆಯ ಯಂತ್ರಗಳಿಗೆ ಅದು ಹೊಂದುವುದಿಲ್ಲ. ಅಂತಹ ಯಂತ್ರಗಳಲ್ಲಿ ಉಚಿತವಾಗಿ ದೊರೆಯುವ ಲಿನಕ್ಸ್ ಬಳಸಬಹುದು. ಇದರಲ್ಲಿಯೂ ಯೂನಿಕೋಡ್ ಕನ್ನಡ ಲಭ್ಯವಿದೆ.

7. ಎಚ್ಚರಿಕೆ
ದುರಸ್ತಿಗೆ ನೀಡುವ ಮುನ್ನ ಆಧಾರ್ ಹಾಗೂ ಬ್ಯಾಂಕ್ ಕಡತಗಳನ್ನು ಡಿಸ್ಕ್‌ನಿಂದ ತೆಗೆಯತಕ್ಕದ್ದು. ಬದಲಿಸಿದ ಹಳೆಯ ಡಿಸ್ಕ್ ಅನ್ನು ಮರಳಿ ಪಡೆಯತಕ್ಕದ್ದು. ಅಳಿಸಿದ ಕಡತಗಳನ್ನೂ ಅದರಿಂದ ಮರಳಿ ತೆಗೆಯಲು ಸಾಧ್ಯವಿರುತ್ತದೆ.

ಮದರ್‌ಬೋರ್ಡ್ ಕೆಟ್ಟಿದ್ದಲ್ಲಿ ಮೇಲಿನ ವೆಚ್ಚ ಮಾಡುವುದು ಸೂಕ್ತವಲ್ಲ. ಯಂತ್ರ ಸಿದ್ಧವಾಗುವವರೆಗೆ ಕಾಯದೆ, ಅರ್ಜಿಯ ಕೊನೆಯ ದಿನಾಂಕಕ್ಕೆ ಮುನ್ನವೇ ಹತ್ತಿರದ ನಾಡಕಚೇರಿ ಅಥವಾ ಗ್ರಾಮ ಒನ್ ಕೇಂದ್ರದಲ್ಲಿ ವಿಚಾರಿಸಿ, ಅಲ್ಲಿ ಲಭ್ಯವಿರುವ ಸೇವೆಗಳಿಗೆ ಅರ್ಜಿ ಸಲ್ಲಿಸಲು ಸಾರ್ವಜನಿಕರನ್ನು ಕೋರಲಾಗಿದೆ.