ಮುಖಕ್ಕೆ ಎದುರಾಗಿದ್ದ ಸ್ವಿಚ್ಚುಗಳು

ಹಳೆಯ ಮನೆಗಳ ಗೋಡೆಯಲ್ಲಿ, ಮರದ ಹಲಗೆಯ ಮೇಲೆ ಕೂರಿಸಿದ ಕಪ್ಪು ಗುಂಡು ಸ್ವಿಚ್ಚುಗಳನ್ನು ನಿಮ್ಮಲ್ಲಿ ಅನೇಕರು ಕಂಡಿರುತ್ತೀರಿ. ನಡುವೆ ಒಂದು ಪುಟ್ಟ ಕಡ್ಡಿ. ಅದನ್ನು ಕೆಳಕ್ಕೆ ತಳ್ಳಿದರೆ ‘ಟಕ್’ ಎಂಬ ಸದ್ದಾಗಿ ದೀಪ ಹೊತ್ತಿಕೊಳ್ಳುತ್ತದೆ. ಆ ಸದ್ದು ಕೇವಲ ಸದ್ದಲ್ಲ. ವಿದ್ಯುತ್ತು ಹರಿಯುತ್ತಿರುವ ಎರಡು ಲೋಹದ ತುಂಡುಗಳನ್ನು ನಿಧಾನವಾಗಿ ಬೇರ್ಪಡಿಸಿದರೆ ನಡುವೆ ಕಿಡಿ ಏಳುತ್ತದೆ. ಆ ಕಿಡಿ ಲೋಹವನ್ನೇ ಸುಡುತ್ತದೆ. 1884ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್‌ನ ಜಾನ್ ಹೆನ್ರಿ ಹೋಮ್ಸ್ ಎಂಬ ಎಂಜಿನಿಯರು ಇದಕ್ಕೊಂದು ಉಪಾಯ ಕಂಡುಕೊಂಡರು. ಬೆರಳು ಎಷ್ಟೇ ಮೆಲ್ಲಗೆ ಚಲಿಸಲಿ, ಒಂದು ಹಂತ ದಾಟಿದ ಕೂಡಲೇ ಒಳಗಿನ ಸ್ಪ್ರಿಂಗು ತಾನಾಗಿಯೇ ನೆಗೆದು ಸಂಪರ್ಕವನ್ನು ಕಡಿಯುವಂತೆ ಮಾಡಿದರು. ನಾವು ಕೇಳುವುದು ಆ ನೆಗೆತದ ಸದ್ದನ್ನು.

ಈ ಕಡ್ಡಿ ಸ್ವಿಚ್ಚಿಗೆ ಟಾಗಲ್ ಎಂದು ಹೆಸರು. ಅದು ಮನೆಯಿಂದ ವಿಮಾನಕ್ಕೆ ಹೋಯಿತು, ಕಾರಿಗೂ ಬಂತು. ಕಾರಿನಲ್ಲಿ ಅದರ ವೈಭವವನ್ನು ನೋಡಬೇಕೆಂದರೆ ಜಾಗ್ವಾರ್ ಇ-ಟೈಪ್ ಕಾರಿನ ಒಳಗೆ ಇಣುಕಬೇಕು.

1961ರ ಮಾರ್ಚ್ ತಿಂಗಳಲ್ಲಿ ಜಿನೀವಾದಲ್ಲಿ ಈ ಕಾರು ಮೊದಲು ಕಾಣಿಸಿಕೊಂಡಿತು. ಅದರ ಮೈಕಟ್ಟನ್ನು ರೂಪಿಸಿದ ಮಾಲ್ಕಂ ಸೇಯರ್ ಬ್ರಿಸ್ಟಲ್ ವಿಮಾನ ಕಾರ್ಖಾನೆಯಿಂದ ಬಂದವರು. ಗಾಳಿಯ ಚಲನೆಯ ಲೆಕ್ಕ ಹಾಕಿ ರೇಖೆ ಎಳೆಯುತ್ತಿದ್ದವರು. ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯ 1996ರಲ್ಲಿ ಒಂದು ಇ-ಟೈಪ್ ಕಾರನ್ನು ತನ್ನ ಶಾಶ್ವತ ಸಂಗ್ರಹಕ್ಕೆ ಸೇರಿಸಿಕೊಂಡಿತು. ಹೊರಗಿನ ಚೆಲುವಿನ ಬಗ್ಗೆ ಎಲ್ಲರೂ ಬರೆದಿದ್ದಾರೆ. ನನಗೆ ಒಳಗಿನದೇ ಹೆಚ್ಚು ಇಷ್ಟ: ಡ್ಯಾಶ್‌ಬೋರ್ಡಿನ ನಡುವೆ ಗಡಿಯಾರದಂಥ ಮಾಪಕಗಳು, ಅವುಗಳ ಕೆಳಗೆ ಸಿಪಾಯಿಗಳಂತೆ ಸಾಲಾಗಿ ನಿಂತ ಟಾಗಲ್ ಸ್ವಿಚ್ಚುಗಳು. ವೈಪರಿಗೆ ಒಂದು, ಹೀಟರಿನ ಫ್ಯಾನಿಗೆ ಒಂದು, ಒಳದೀಪಕ್ಕೆ ಒಂದು. ದಿನವಿಡೀ ಸ್ಟುಡಿಯೋದ ನಿಯಂತ್ರಣ ಕೊಠಡಿಯಲ್ಲಿ ಗುಂಡಿಗಳ ಮುಂದೆ ಕೂರುವವನಾದ್ದರಿಂದ, ಕಣ್ಣು ಹಾಯಿಸದೆ ಬೆರಳಿಗೇ ಸಿಗುವ ಸ್ವಿಚ್ಚಿನ ಬೆಲೆ ನನಗೆ ಗೊತ್ತು.

ಆದರೆ ಅರವತ್ತು ವರ್ಷಗಳಾದ ಮೇಲೆ ಅವು ಸವೆಯುತ್ತವೆ. ಸವೆಯುವುದೆಂದರೇನು? ಹೊರಗಿನ ಕಡ್ಡಿ ಅಲುಗಾಡತೊಡಗುವುದು ನಮಗೆ ಕಾಣುತ್ತದೆ. ನಿಜವಾದ ರೋಗ ಒಳಗಿರುತ್ತದೆ. ಸ್ಪ್ರಿಂಗು ಬಿಗಿ ಕಳೆದುಕೊಳ್ಳುತ್ತದೆ. ಹಾಕಿದ್ದ ಗ್ರೀಸು ಒಣಗಿ ಗಟ್ಟಿಯಾಗುತ್ತದೆ. ಹಿತ್ತಾಳೆ, ತಾಮ್ರದ ತುದಿಗಳ ಮೇಲೆ ಕಿಲುಬು ಕೂರುತ್ತದೆ. ವೈಪರಿನಂಥ ಮೋಟಾರನ್ನು ನಿಲ್ಲಿಸುವಾಗಲೆಲ್ಲ ಏಳುವ ಸಣ್ಣ ಕಿಡಿಯಿಂದ ಅಲ್ಲಲ್ಲಿ ಗುಳಿ ಬೀಳುತ್ತದೆ. ಹೀಗಾಗಿ ವಿದ್ಯುತ್ತು ಹಾದುಹೋಗುವ ದಾರಿ ಇಕ್ಕಟ್ಟಾಗುತ್ತದೆ.

ಇಲ್ಲೊಂದು ಸಣ್ಣ ಲೆಕ್ಕ ಮಾಡೋಣ. ತಲಾ 60 ವಾಟಿನ ಎರಡು ಹೆಡ್‌ಲೈಟುಗಳು, 12 ವೋಲ್ಟಿನ ಬ್ಯಾಟರಿ. ಸುಮಾರು 10 ಆಂಪೇರ್ ವಿದ್ಯುತ್ತು ಸ್ವಿಚ್ಚಿನ ಮೂಲಕ ಹರಿಯಬೇಕು. ಕಿಲುಬಿನಿಂದ ಸ್ವಿಚ್ಚಿನೊಳಗೆ ಒಂದು ಓಮಿನ ಹತ್ತನೇ ಒಂದು ಭಾಗದಷ್ಟು ರೋಧ ಹುಟ್ಟಿತೆಂದುಕೊಳ್ಳಿ. ಕೇಳುವುದಕ್ಕೆ ಇದು ಏನೂ ಅಲ್ಲ. ಆದರೆ 1 ವೋಲ್ಟ್ ಅಲ್ಲೇ ಕಳೆದುಹೋಗುತ್ತದೆ; 10 ವಾಟಿನಷ್ಟು ಶಾಖ ಹೆಬ್ಬೆರಳು ಗಾತ್ರದ ಆ ಡಬ್ಬಿಯೊಳಗೇ ಹುಟ್ಟುತ್ತದೆ. ತಂತಿ ಸುಡುವ ಬಲ್ಬಿನ ಬೆಳಕು ವೋಲ್ಟೇಜಿಗಿಂತ ಬಹಳ ವೇಗವಾಗಿ ಕುಸಿಯುತ್ತದೆ. ಹಾಗಾಗಿ 12ರಲ್ಲಿ 1 ವೋಲ್ಟ್ ಹೋದರೆ ರಸ್ತೆಯ ಮೇಲೆ ಬೀಳುವ ಬೆಳಕಿನಲ್ಲಿ ಕಾಲು ಭಾಗದಷ್ಟು ಹೋಯಿತೆಂದೇ ಲೆಕ್ಕ. ರಾತ್ರಿ ಹೊತ್ತು ಇದು ತಮಾಷೆಯ ಮಾತಲ್ಲ.

ತಮಾಷೆ ಮಾಡಿದವರೂ ಇದ್ದಾರೆ ಅನ್ನಿ. ಆ ಕಾಲದ ಬ್ರಿಟಿಷ್ ಕಾರುಗಳ ವಿದ್ಯುತ್ ಉಪಕರಣಗಳಲ್ಲಿ ಬಹುಪಾಲು ಬರ್ಮಿಂಗ್‌ಹ್ಯಾಮಿನ ಲೂಕಸ್ ಕಂಪನಿಯವು. ಅದರ ಸ್ಥಾಪಕ ಜೋಸೆಫ್ ಲೂಕಸ್ ತಳ್ಳುಬಂಡಿಯಲ್ಲಿ ದೀಪದೆಣ್ಣೆ ಮಾರಿ ಬದುಕು ಆರಂಭಿಸಿದವರು. ಕಾರುಪ್ರಿಯರು ಲೂಕಸ್‌ಗೆ ‘ಕತ್ತಲೆಯ ರಾಜಕುಮಾರ’ ಎಂದು ಅಡ್ಡಹೆಸರಿಟ್ಟರು. ಲೂಕಸ್ ಸ್ವಿಚ್ಚಿಗೆ ಮೂರು ಸ್ಥಾನಗಳಂತೆ: ಮಂಕು, ಮಿಣುಕು, ಆರು. ನಗು ಬರುವುದು ನಿಜ. ಆದರೆ ಪೂರ್ತಿ ನ್ಯಾಯವಲ್ಲ. ಅರ್ಧ ಶತಮಾನ ಮಳೆ, ತೇವ, ಎಣ್ಣೆಯ ನಡುವೆ ಇದ್ದ ಯಾವ ಸಂಪರ್ಕ ತಾನೇ ಹೊಸದರಂತೆ ಉಳಿದೀತು? ಎಷ್ಟೋ ಸಲ ತಪ್ಪು ಸ್ವಿಚ್ಚಿನದ್ದಲ್ಲ, ಕಾರಿನ ಮೈಗೆ ಸರಿಯಾಗಿ ಕೂರದ ಅರ್ತ್ ತಂತಿಯದ್ದು. ಅದನ್ನು ಮೊದಲು ಉಜ್ಜಿ ನೋಡದೆ ಸ್ವಿಚ್ಚು ಬದಲಿಸುವುದು ಹಣ ದಂಡ.

ಬದಲಿಸಲೇಬೇಕಾದರೆ ಇ-ಟೈಪ್ ಮಾಲೀಕ ಪುಣ್ಯವಂತ. ಬ್ಯಾಟರಿಯ ತಂತಿಯನ್ನು ಮೊದಲು ಕಳಚಬೇಕು. ಇದನ್ನು ಎಷ್ಟು ಸಲ ಹೇಳಿದರೂ ಹೆಚ್ಚಲ್ಲ. ಆಮೇಲೆ ನಡುವಿನ ಫಲಕದ ಮೇಲ್ತುದಿಗಳಲ್ಲಿರುವ ಎರಡು ತಿರುಪುಗಳನ್ನು ಬೆರಳಿನಿಂದಲೇ ಬಿಚ್ಚಿದರೆ ಇಡೀ ಫಲಕ ಪೆಟ್ಟಿಗೆಯ ಮುಚ್ಚಳದಂತೆ ಮುಂದಕ್ಕೆ ಬಾಗುತ್ತದೆ. ಸ್ವಿಚ್ಚುಗಳ ಬೆನ್ನು, ಫ್ಯೂಸುಗಳು, ಬಣ್ಣ ಬಣ್ಣದ ತಂತಿಗಳು ಎಲ್ಲವೂ ಕಣ್ಣಿಗೆ ಬೀಳುತ್ತವೆ. ಹೀಗೆ ರಿಪೇರಿಯವನ ಕಷ್ಟವನ್ನು ಮೊದಲೇ ಯೋಚಿಸಿ ಮಾಡಿದ ಕಾರುಗಳು ಕಡಿಮೆ.

ತಂತಿಯ ಬಣ್ಣಗಳಿಗೂ ಒಂದು ಭಾಷೆಯಿದೆ. ಕಂದು ಬಣ್ಣದ್ದು ಬ್ಯಾಟರಿಯಿಂದ ನೇರವಾಗಿ, ಫ್ಯೂಸಿಲ್ಲದೆ ಬರುವುದು. ಬಿಳಿಯದು ಕೀಲಿ ತಿರುಗಿಸಿದ ಮೇಲೆ ಜೀವ ಬರುವಂಥದ್ದು. ಹಸಿರು ಅದೇ ಕೀಲಿಯ ನಂತರ ಫ್ಯೂಸಿನ ಮೂಲಕ ಬರುವುದು. ನೀಲಿ ಹೆಡ್‌ಲೈಟಿಗೆ, ಕೆಂಪು ಪಕ್ಕದ ಸಣ್ಣ ದೀಪಗಳಿಗೆ, ಕಪ್ಪು ಅರ್ತ್‌ಗೆ. ವರ್ಷಗಳು ಕಳೆದು ಬಣ್ಣವೆಲ್ಲ ಒಂದೇ ಬೂದಿಯಾಗಿರುವುದರಿಂದ, ಒಂದೊಂದು ತಂತಿಗೂ ಚೀಟಿ ಕಟ್ಟಿಯೇ ಕಳಚುವುದು ಜಾಣತನ. ಇಷ್ಟಾದ ಮೇಲೂ ಹೊಸ ಸ್ವಿಚ್ಚು ತರಲು ಅವಸರ ಬೇಡ. ಹಳೆಯದರ ತಗಡಿನ ಕಿವಿಗಳನ್ನು ಮೆಲ್ಲಗೆ ಎತ್ತಿ, ಒಳಗಿನ ತುದಿಗಳನ್ನು ನುಣ್ಣಗೆ ಉಜ್ಜಿ, ಹೊಸ ಗ್ರೀಸು ಸವರಿ ಮತ್ತೆ ಮಡಚಿದರೆ ಅನೇಕ ವೇಳೆ ಅದು ಮರುಜನ್ಮ ಪಡೆಯುತ್ತದೆ. ಕಿವಿ ಎರಡು ಮೂರು ಸಲಕ್ಕಿಂತ ಹೆಚ್ಚು ಬಾಗಿಸಿದರೆ ಮುರಿಯುತ್ತದೆ, ಅಷ್ಟೇ.

ಇನ್ನು ಮುಖ್ಯ ವಿಷಯಕ್ಕೆ ಬರೋಣ. ಸವೆದದ್ದರ ಜಾಗದಲ್ಲಿ ಎಂಥ ಸ್ವಿಚ್ಚು ಹಾಕಬೇಕು? ವಿಚಿತ್ರವೆಂದರೆ, ಈ ಪ್ರಶ್ನೆಗೆ ಜಾಗ್ವಾರ್ ಕಂಪನಿಯೇ 1960ರ ದಶಕದ ಕೊನೆಯಲ್ಲಿ ಬೇರೆ ಉತ್ತರ ಕೊಟ್ಟಿತ್ತು. ಟಾಗಲ್ಲುಗಳನ್ನು ಕಿತ್ತು, ಫಲಕಕ್ಕೆ ಸಮನಾಗಿ ಕೂರುವ ಚಪ್ಪಟೆ ರಾಕರ್ ಸ್ವಿಚ್ಚುಗಳನ್ನು ಹಾಕಿತು. 1968ರಲ್ಲಿ ಬಂದ ಎರಡನೇ ಸರಣಿಯ ಇ-ಟೈಪ್ ಕಾರುಗಳೆಲ್ಲ ಹೀಗೆಯೇ. ಎಂ.ಜಿ.ಬಿ. ಕಾರಿನ ಕಥೆಯೂ ಅದೇ. ಅಮೆರಿಕಕ್ಕೆ ಹೋಗುತ್ತಿದ್ದ ಆ ಕಾರುಗಳಿಗೆ ದಪ್ಪ ಮೆತ್ತೆಯ ಡ್ಯಾಶ್‌ಬೋರ್ಡೇ ಬಂತು. ಅದು ತಯಾರಾಗುತ್ತಿದ್ದ ಊರಿನ ಹೆಸರು ಸೇರಿಸಿ ಜನ ಅದನ್ನು ‘ಅಬಿಂಗ್ಡನ್ ದಿಂಬು’ ಎಂದರು.

ಕಾರಣ ತಿಳಿಯಲು ಡೆಟ್ರಾಯಿಟ್ ನಗರದ ಒಂದು ಶಸ್ತ್ರಚಿಕಿತ್ಸಾ ಕೋಣೆಗೆ ಹೋಗಬೇಕು. ಕ್ಲೇರ್ ಸ್ಟ್ರೇತ್ ಅಲ್ಲಿ ಪ್ಲಾಸ್ಟಿಕ್ ಸರ್ಜನ್. ಕಾರು ಅಪಘಾತದಲ್ಲಿ ಜಜ್ಜಿಹೋದ ಮುಖಗಳು, ಅದರಲ್ಲೂ ಚಾಲಕನ ಪಕ್ಕದಲ್ಲಿ ಕುಳಿತವರ ಮುಖಗಳು ಅವರ ಮುಂದೆ ಬರುತ್ತಲೇ ಇದ್ದವು. ಕಾರು ನಿಂತರೂ ಒಳಗಿದ್ದವರ ದೇಹ ನಿಲ್ಲುವುದಿಲ್ಲ. ನ್ಯೂಟನ್ನನ ಮೊದಲ ನಿಯಮ ನಾವೆಲ್ಲ ಓದಿದ್ದೇವೆ. ಆ ದೇಹ ಹೋಗಿ ಬಡಿಯುವುದು ಡ್ಯಾಶ್‌ಬೋರ್ಡಿಗೆ, ಅದರ ಮೇಲೆ ಚಾಚಿಕೊಂಡಿರುವ ಗುಂಡಿಗಳಿಗೆ. ಬೆರಳಿಗೆ ಸುಲಭವಾಗಿ ಸಿಗಲೆಂದು ಹೊರಚಾಚಿದ ಕಡ್ಡಿ ಕಣ್ಣಿಗೂ ದವಡೆಗೂ ಅಷ್ಟೇ ಸುಲಭವಾಗಿ ಸಿಗುತ್ತದೆ. 1930ರ ದಶಕದಲ್ಲೇ ಸ್ಟ್ರೇತ್ ಇದನ್ನು ಕಾರು ಕಂಪನಿಗಳಿಗೆ ಹೇಳತೊಡಗಿದರು. ಕ್ರೈಸ್ಲರ್ ಕಂಪನಿ 1937ರ ಮಾದರಿಗಳಲ್ಲಿ ಗುಂಡಿಗಳನ್ನು ಒಳಕ್ಕೆ ಸರಿಸಿತು. ಉಳಿದವರು ಕೇಳಿಸಿಕೊಳ್ಳಲು ಇನ್ನೂ ಮೂವತ್ತು ವರ್ಷ ಬೇಕಾಯಿತು.

1965ರಲ್ಲಿ ರಾಲ್ಫ್ ನೇಡರ್ ಬರೆದ ‘ಅನ್‌ಸೇಫ್ ಅಟ್ ಎನಿ ಸ್ಪೀಡ್’ ಪುಸ್ತಕ ಅಮೆರಿಕದಲ್ಲಿ ದೊಡ್ಡ ಗದ್ದಲ ಎಬ್ಬಿಸಿತು. ಕಾರು ಗುದ್ದುವುದು ಮೊದಲ ಡಿಕ್ಕಿ, ಮನುಷ್ಯ ಕಾರಿನೊಳಭಾಗಕ್ಕೆ ಗುದ್ದುವುದು ಎರಡನೆಯ ಡಿಕ್ಕಿ ಎಂಬ ವಿಚಾರಕ್ಕೆ ಅದರಲ್ಲಿ ಒಂದು ಅಧ್ಯಾಯವೇ ಇದೆ. 1966ರ ಸೆಪ್ಟೆಂಬರ್ 9ರಂದು ಅಧ್ಯಕ್ಷ ಲಿಂಡನ್ ಜಾನ್ಸನ್ ವಾಹನ ಸುರಕ್ಷತೆಯ ಕಾಯಿದೆಗೆ ಸಹಿ ಹಾಕಿದರು. ಅದರಡಿ ಬಂದ ಮೊದಲ ಮಾನದಂಡಗಳು 1968ರ ಜನವರಿ 1ರಿಂದ ಜಾರಿಗೆ ಬಂದವು. ಇ-ಟೈಪ್ ಕಾರುಗಳ ದೊಡ್ಡ ಮಾರುಕಟ್ಟೆ ಅಮೆರಿಕವೇ. ಹಾಗಾಗಿ ಅಲ್ಲಿನ ಕಾನೂನು ಕಾವೆಂಟ್ರಿಯ ಕಾರ್ಖಾನೆಯಲ್ಲಿ ಸ್ವಿಚ್ಚಿನ ಆಕಾರವನ್ನೇ ಬದಲಿಸಿತು.

ಇಂದು ಎರಡನೇ ಸರಣಿಯ ಕಾರು ಕೊಂಡವರಲ್ಲಿ ಕೆಲವರು ರಾಕರುಗಳನ್ನು ಕಿತ್ತು, ಹಿಂದಿನ ಟಾಗಲ್ಲುಗಳನ್ನು ತಂದು ಕೂರಿಸುತ್ತಾರೆ. ನೋಟಕ್ಕೆ ಅದೇ ಚಂದ ಎನ್ನುತ್ತಾರೆ. ನಾನು ಇದನ್ನು ಒಪ್ಪುವುದಿಲ್ಲ. ಆ ಚಪ್ಪಟೆ ಸ್ವಿಚ್ಚೂ ಇತಿಹಾಸವೇ. ಎಷ್ಟೋ ಮುಖಗಳು ಅದರ ಬೆಲೆ ತೆತ್ತಿವೆ. ಹಾಗೆಂದು 1961ರ ಕಾರಿನಿಂದ ಟಾಗಲ್ ಕಿತ್ತು ರಾಕರ್ ಹಾಕಬೇಕೆಂದೂ ನಾನು ಹೇಳುತ್ತಿಲ್ಲ. ಅದಕ್ಕೆ ಬೇರೆ ದಾರಿಯಿದೆ: ಸರಿಯಾದ ಬೆಲ್ಟು. ಸೊಂಟಕ್ಕೆ ಮಾತ್ರ ಕಟ್ಟುವಂಥದ್ದಲ್ಲ, ಅದರಲ್ಲಿ ತಲೆ ಮುಂದಕ್ಕೆ ಬಾಗಿ ಡ್ಯಾಶ್‌ಬೋರ್ಡಿಗೇ ಬಡಿಯುತ್ತದೆ. ಭುಜದ ಮೇಲಿಂದಲೂ ಬರುವ ಮೂರು ಬಿಂದುವಿನ ಬೆಲ್ಟು ಬೇಕು. ವೋಲ್ವೋ ಕಂಪನಿಯಲ್ಲಿದ್ದ ನಿಲ್ಸ್ ಬೋಲಿನ್ ರೂಪಿಸಿದ ಆ ಬೆಲ್ಟು 1959ರಲ್ಲೇ ಕಾರುಗಳಲ್ಲಿ ಬಂದಿತ್ತು. ಬೋಲಿನ್ ಅದಕ್ಕೆ ಮೊದಲು ಯುದ್ಧವಿಮಾನಗಳಿಂದ ಪೈಲಟ್ ಹೊರಚಿಮ್ಮುವ ಆಸನಗಳ ಕೆಲಸದಲ್ಲಿದ್ದವರು.

ನಮ್ಮ ದೇಶದಲ್ಲೂ 50 ವರ್ಷ ದಾಟಿದ ವಾಹನಗಳ ನೋಂದಣಿಗೆ 2021ರಲ್ಲಿ ಪ್ರತ್ಯೇಕ ನಿಯಮ ಬಂದಿದೆ. ಚಾಸಿಸ್, ಮೈ, ಎಂಜಿನ್‌ಗಳಲ್ಲಿ ದೊಡ್ಡ ಬದಲಾವಣೆ ಮಾಡಿರಬಾರದು ಎನ್ನುವುದು ಅದರ ಷರತ್ತು. ಸ್ವಿಚ್ಚಿನ ಮಟ್ಟದ ನಿರ್ಧಾರ ಮಾಲೀಕನ ವಿವೇಕಕ್ಕೆ ಬಿಟ್ಟದ್ದು. ಧರ್ಮಸ್ಥಳದ ಸಂಗ್ರಹದಲ್ಲಿರುವ ಹಳೆಯ ಕಾರುಗಳನ್ನು ನೋಡುವ ಅವಕಾಶ ಸಿಕ್ಕರೆ, ಹೊರಗಿನ ಬಣ್ಣ ನೋಡಿ ಮುಂದೆ ಹೋಗಬೇಡಿ. ಕಿಟಕಿಯಿಂದ ಒಳಗಿನ ಗುಂಡಿಗಳನ್ನೂ ಗಮನಿಸಿ.

ಹಳೆಯ ಸ್ವಿಚ್ಚನ್ನೇ ಉಳಿಸಿಕೊಳ್ಳುವವರಿಗೆ ಇನ್ನೊಂದು ಮಾತು. ಹೆಡ್‌ಲೈಟಿನ ಪೂರ್ತಿ ಭಾರವನ್ನು ಅದರ ಮೇಲೆ ಹೊರಿಸದೆ, ಕಣ್ಣಿಗೆ ಕಾಣದ ಜಾಗದಲ್ಲಿ ಒಂದು ರಿಲೇ ಜೋಡಿಸಬಹುದು. ಆಗ ಸ್ವಿಚ್ಚಿನಲ್ಲಿ ಹರಿಯುವುದು ರಿಲೇಯನ್ನು ಎಳೆಯುವಷ್ಟು ಅಲ್ಪ ವಿದ್ಯುತ್ತು ಮಾತ್ರ. ದೀಪಕ್ಕೆ ಬ್ಯಾಟರಿಯಿಂದ ನೇರ ದಾರಿ. ಕಡ್ಡಿ ಹಳೆಯದೇ, ‘ಟಕ್’ ಸದ್ದೂ ಹಳೆಯದೇ, ಬೆಳಕು ಮಾತ್ರ ಪೂರ್ತಿ. ಯಾವುದೂ ಆಗದೆ ಹೊಸ ಸ್ವಿಚ್ಚು ಹಾಕಿದಿರಾದರೆ, ತೆಗೆದದ್ದನ್ನು ಎಸೆಯಬೇಡಿ. ಯಾವ ಜಾಗದ್ದೆಂದು ಚೀಟಿ ಬರೆದು ಡಬ್ಬಿಯೊಂದರಲ್ಲಿ ಇಡಿ. ಮುಂದೆ ಆ ಕಾರನ್ನು ಬಿಚ್ಚುವವರಿಗೆ ಅದರ ಕಡ್ಡಿ, ಸ್ಪ್ರಿಂಗು, ತುದಿಗಳೇ ಬೇಕಾಗುತ್ತವೆ.